ಎರಡು ಸಲ ಬರೆದುಕೊಂಡ ತೀರ್ಪು

ಕೋರ್ಟಿನಲ್ಲಿ ಸ್ಟೆನೊ ಆಗಿ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಆಳಂದದ ನಮ್ಮ ಮನೆಗೆ ಬರುತ್ತಾರೆ. ವೇಗ ಹೆಚ್ಚಿಸಿಕೊಳ್ಳುವುದು ಹೇಗೆ, ಇಲಾಖಾ ಪರೀಕ್ಷೆಗೆ ಏನು ಓದಬೇಕು ಎಂದು ಕೇಳುತ್ತಾರೆ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹೋದ ತಿಂಗಳು ಬಂದವಳೊಬ್ಬಳು ಮಾತ್ರ ಬೇರೆ ಕೇಳಿದಳು: “ಮೇಡಂ, ಸಾಹೇಬ್ರು ತಪ್ಪು ಹೇಳಾಕತ್ತಾರ ಅಂತ ನಮಗ ಗೊತ್ತಾದ್ರ ಏನ್ ಮಾಡ್ಬೇಕ್ರಿ?” ಚಹಾ ತರುತ್ತೇನೆ ಎಂದು ಒಳಗೆ ಹೋದೆ. ಈ ಬರಹ ಅವಳಿಗೆ.

ಆಳಂದ, ಅಫಜಲಪುರ, ಜೇವರ್ಗಿ. ನನ್ನ ನೌಕರಿ ಹೆಚ್ಚಾಗಿ ಈ ಮೂರು ಊರುಗಳ ನಡುವೆಯೇ ಕಳೆಯಿತು. ಬಡ್ತಿಯ ವಿಷಯ ಬರೆಯುವುದಿಲ್ಲ. ಅದು ತಡವಾಗಿ ಬಂತು, ಎಲ್ಲರಿಗೂ ಹಾಗೆಯೇ ಬರುತ್ತದೆ. ಕಲಬುರಗಿಯಲ್ಲಿ ಬಿ.ಎ. ಮುಗಿಸಿ, ಟೈಪಿಂಗ್ ಕ್ಲಾಸಿನಲ್ಲಿ ಕನ್ನಡ ಶೀಘ್ರಲಿಪಿ ಕಲಿತು ಸೇರಿದವಳು ನಾನು. ಹೆಸರು ನಸೀಮ್ ಬಾನು. ನಮ್ಮ ಅಬ್ಬಾ ಉರ್ದು ಶಾಲೆಯಲ್ಲಿ ಮಾಸ್ತರರಾಗಿದ್ದರು. ಅವರಿಂದ ಬಂದ ಅಭ್ಯಾಸದಂತೆ ನನ್ನ ಶೀಘ್ರಲಿಪಿ ಪುಸ್ತಕಗಳಲ್ಲಿ ತಾರೀಖನ್ನು ಉರ್ದು ಅಂಕಿಯಲ್ಲೇ ಹಾಕುತ್ತಿದ್ದೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇದೇನು ಇರುವೆ ಹರಿದಾಡಿದ ಹಾಗಿದೆ ಎಂದು ಬೈದಿದ್ದರು.

ನಮ್ಮ ಕೆಲಸದ ಬಗ್ಗೆ ಹೊರಗಿನವರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ನಾವು ಬರೆದುಕೊಳ್ಳುತ್ತೇವೆ ಎಂದು ಅವರು ತಿಳಿಯುತ್ತಾರೆ. ಹಾಗಲ್ಲ. ಸಾಕ್ಷಿ ತನ್ನ ಮಾತಿನಲ್ಲಿ ಹೇಳುತ್ತಾನೆ, ಸಾಹೇಬರು ಅದನ್ನು ಕೋರ್ಟಿನ ಭಾಷೆಗೆ ತಿರುಗಿಸಿ ನಮಗೆ ಹೇಳುತ್ತಾರೆ, ನಾವು ಸಾಹೇಬರ ಮಾತನ್ನು ಬರೆದುಕೊಳ್ಳುತ್ತೇವೆ. ದಾಖಲೆಯಾಗಿ ಉಳಿಯುವುದು ಅದು. ಇದನ್ನು ಕಲಿಯಲು ನಾನು ಒಂದು ತಪ್ಪು ಮಾಡಬೇಕಾಯಿತು.

ಆಗ ಆಳಂದಕ್ಕೆ ಒಬ್ಬ ತರುಣ ಸಾಹೇಬರು ಬಂದಿದ್ದರು. ಮೈಸೂರು ಕಡೆಯವರು. ಹೆಸರು ಬರೆಯುವುದಿಲ್ಲ, ಸಾಹೇಬರು ಎಂದರೆ ಸಾಕು. ನನ್ನನ್ನು ‘ನಸೀಮಮ್ಮ’ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಹಾಗೆ ಯಾರೂ ಕರೆಯುವುದಿಲ್ಲ. ವಕೀಲರು ಮುಸಿಮುಸಿ ನಗುತ್ತಿದ್ದರು. ಒಂದು ದಿನ ಹಿರೋಳ್ಳಿಯ ಮುದುಕನೊಬ್ಬ ಸಾಕ್ಷಿಗೆ ಬಂದ. ಹೊಲದ ಬಾವಿಯ ಹತ್ತಿರ ನಡೆದ ಹೊಡೆದಾಟ ಅವನಿಗೆ ಕಂಡಿತ್ತೋ ಇಲ್ಲವೋ ಎಂಬುದೇ ಕೇಸಿನ ತಿರುಳು.

“ನೀ ನಿಂತಿದ್ದ ಜಾಗದಿಂದ ಬಾವಿ ಎಷ್ಟು ದೂರಿತ್ತಪಾ?” ವಕೀಲರು ಕೇಳಿದರು.

“ಒಂದು ಬೀಡಿ ಮುಗಿಯೂಷ್ಟು ದೂರ ರೀ.”

ಸಾಹೇಬರು ಒಂದು ಕ್ಷಣ ಯೋಚಿಸಿ, “ಸುಮಾರು ಅರ್ಧ ಕಿಲೋಮೀಟರ್” ಎಂದು ನನಗೆ ಹೇಳಿದರು. ಮುದುಕನ ಮಾತು ನನಗೆ ಹಿಡಿಸಿತ್ತೋ ಏನೋ, ಟೈಪ್ ಮಾಡುವಾಗ ‘ಒಂದು ಬೀಡಿ ಮುಗಿಯುವಷ್ಟು ದೂರ’ ಎಂದೇ ಹೊಡೆದುಬಿಟ್ಟೆ. ಮರುದಿನ ಸಾಹೇಬರು ಕಾಗದ ಹಿಡಿದು ಕರೆದರು.

“ಇದೇನು ನಸೀಮಮ್ಮ? ನಾನು ಇದನ್ನ ಹೇಳಿದ್ನಾ?”

“ಇಲ್ಲ ಸರ್. ಅವ ಹೇಳಿದ್ದ.”

“ನೀವು ಬರೀಬೇಕಾದ್ದು ಕೋರ್ಟು ಹೇಳಿದ್ದನ್ನ.”

ನನ್ನ ನೌಕರಿ ಹೋಯಿತು ಎಂದುಕೊಂಡೆ. ಅವರು ಮುದುಕನನ್ನು ಮತ್ತೆ ಕರೆಸಲು ಆದೇಶ ಮಾಡಿದರು. ಮುಂದಿನ ತಾರೀಖಿಗೆ ಅವನು ಬಂದಾಗ ಕೋರ್ಟಿನ ಬಾಗಿಲಲ್ಲಿ ಬೀಡಿ ಹಚ್ಚಿಸಿ, ಟೇಪು ಹಿಡಿದ ಕೋರ್ಟಿನ ಅಮೀನನ ಜೊತೆ ನಡೆಯಲು ಹೇಳಿದರು. ಎರಡೂ ಕಡೆಯ ವಕೀಲರು ಹಿಂದೆ ಹೊರಟರು. ಮುದುಕ ಕೆಮ್ಮುತ್ತ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಬೀಡಿ ಮುಗಿದಾಗ ಕೋರ್ಟಿನ ಗೇಟು ದಾಟಿ ಎದುರಿನ ಪಾನ್ ಡಬ್ಬಿ ಅಂಗಡಿಯ ತನಕವಷ್ಟೇ ಹೋಗಿದ್ದ. ಅಷ್ಟು ದೂರದಿಂದ ಮನುಷ್ಯನ ಮುಖ ಚೆನ್ನಾಗಿಯೇ ಕಾಣುತ್ತದೆ.

“ಸಾಹೇಬ್ರ, ಬೀಡಿ ಯಾವ ಕಂಪನಿದು ಅಂತ ನಮೂದು ಮಾಡ್ಬೇಕ್ರಿ,” ಎಂದು ಹಿರಿಯ ವಕೀಲರೊಬ್ಬರು ಚೇಷ್ಟೆ ಮಾಡಿದರು. ಸಾಹೇಬರೂ ನಕ್ಕರು. ಆಮೇಲೆ ಚೇಂಬರಿನಲ್ಲಿ ನನಗೆ ಹೇಳಿದ್ದು ಇದು: “ನಾನು ತಪ್ಪು ಹೇಳಿದರೆ ನೀವು ತಡೀಬೇಕು. ಬರೆದು ಸುಮ್ಮನಿರಬೇಡಿ.”

ಅವರು ತೀರ್ಪನ್ನು ಕನ್ನಡದಲ್ಲೇ ಹೇಳುತ್ತಿದ್ದರು. ಜೈಲಿಗೆ ಹೋಗುವವನಿಗೆ ಯಾಕೆ ಹೋಗುತ್ತಿದ್ದೇನೆ ಎಂದು ತಿಳಿಯಬೇಡವೇ ಎನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡು, ಕೈ ಕಟ್ಟಿಕೊಂಡು, ತಡವರಿಸದೆ ಹೇಳುವರು. ಅವರ ತೀರ್ಪು ಕೇಳಲೆಂದೇ ಕಲಬುರಗಿಯಿಂದ ಕಿರಿಯ ವಕೀಲರು ಬರುತ್ತಿದ್ದರು. ಅವರ ಮಾತನ್ನು ಬರೆದೂ ಬರೆದೂ ನನ್ನವೇ ಕಿರುಗುರುತುಗಳು ಹುಟ್ಟಿಕೊಂಡವು. ‘ಸಂಶಯಾತೀತವಾಗಿ ರುಜುವಾತಾಗಿಲ್ಲ’ ಎಂಬುದಕ್ಕೆ ನನ್ನದು ಒಂದು ಕೊಕ್ಕೆ, ಒಂದು ಚುಕ್ಕೆ ಅಷ್ಟೆ. ಬೇರೆ ಸ್ಟೆನೊ ನನ್ನ ಪುಸ್ತಕ ನೋಡಿದರೆ ಅರ್ಧವೂ ಓದಲಾರಳು.

ಕೆಲವು ವರ್ಷಗಳ ಮೇಲೆ ಇನ್ನೊಂದು ಊರಿನ ಕೋರ್ಟಿನಲ್ಲಿ ಮತ್ತೆ ಅವರ ಕೈಕೆಳಗೆ ಬಂದೆ. ಆ ಊರಿನ ಹೆಸರು ಬಿಡುತ್ತೇನೆ. ಅಲ್ಲಿ ಒಂದು ಬೇಳೆ ಮಿಲ್ಲಿನ ಕೇಸು ಬಂತು. ಗೋದಾಮಿನ ಹಿಂದಿನ ಗೋಡೆಗೆ ತೊಗರಿ ಚೀಲಗಳನ್ನು ಛಾವಣಿಯ ತನಕ ಒಟ್ಟಿದ್ದರು. ಗೋಡೆ ಕುಸಿಯಿತು. ಅದರ ಆಚೆ ಬದಿಯಲ್ಲಿ ಕುಳಿತು ಬೇಳೆ ಹಸನು ಮಾಡುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಸತ್ತರು. ಪೊಲೀಸರು ಮಾಲೀಕನನ್ನು ಬಿಟ್ಟು ಮುಕಾದಮನ ಮೇಲೆ, ಅಂದರೆ ಕೂಲಿಯಾಳುಗಳನ್ನು ನೋಡಿಕೊಳ್ಳುವವನ ಮೇಲೆ, ಅಜಾಗರೂಕತೆಯಿಂದ ಸಾವಿಗೆ ಕಾರಣನಾದ ಎಂದು ಕೇಸು ಹಾಕಿದರು. ಅವನ ಹೆಸರು ಶರಣಪ್ಪ, ನಿಂಬರ್ಗಾ ಕಡೆಯವನು. ಸತ್ತ ಇಬ್ಬರಲ್ಲಿ ಒಬ್ಬಳು ಅವನ ತಮ್ಮ ಭೀಮಣ್ಣನ ಹೆಂಡತಿ. ಕೆಲಸಕ್ಕೆ ಕರೆತಂದವನೇ ಶರಣಪ್ಪ. ಪ್ರತಿ ತಾರೀಖಿಗೂ ಭೀಮಣ್ಣ ಕೋರ್ಟಿಗೆ ಬಂದು ಎದುರು ಬೆಂಚಿನಲ್ಲಿ ಕೂರುತ್ತಿದ್ದ, ಅಣ್ಣನ ಕಡೆ ನೋಡುತ್ತಿರಲಿಲ್ಲ.

ಶರಣಪ್ಪನನ್ನು ಉಳಿಸಬಲ್ಲ ಕಾಗದ ಇದ್ದದ್ದು ಒಂದೇ. ದುರ್ಘಟನೆಗೆ ಹನ್ನೆರಡು ದಿನ ಮೊದಲು ಅವನು ಮಾಲೀಕನಿಗೆ ಬರೆದ ಚೀಟಿ. ಅದರ ಮೇಲೆ ಮಿಲ್ಲಿನ ಗುಮಾಸ್ತ ‘ಮುಟ್ಟಿದೆ’ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿದ್ದ. ಕೋರ್ಟು ಅದನ್ನು ಆರೋಪಿಯ ಕಡೆಯ ದಾಖಲೆಯೆಂದು ನಿಶಾನೆ ಡಿ-3 ಹಾಕಿ ಗುರುತಿಸಿತು.

ತೀರ್ಪಿನ ಹಿಂದಿನ ದಿನ ಮಧ್ಯಾಹ್ನ ಸಾಹೇಬರು ಚೇಂಬರಿನಲ್ಲಿ ತೀರ್ಪು ಹೇಳಿದರು, ನಾನು ಬರೆದುಕೊಂಡೆ. ಡಿ-3 ಬಂದಾಗ ಕಣ್ಣು ತೆರೆದು, ಕಾಗದ ಕೈಗೆತ್ತಿಕೊಂಡು, ಅದರಲ್ಲಿದ್ದುದನ್ನು ಅಕ್ಷರಶಃ ಓದಿ ಬರೆಸಿದರು. “ಮಾಲಕರಿಗೆ ಶರಣಪ್ಪನ ಶರಣು. ಗೋದಾಮಿನ ಹಿಂದಿನ ಗೋಡಿ ಒಡದದ. ಕೈ ಹೋಗುವಷ್ಟು ಬಿರುಕು ಬಿಟ್ಟದ. ಆ ಕಡಿ ಚೀಲ ಒಟ್ಟಬ್ಯಾಡ್ರಿ. ಅದರ ಆಚಿ ಹೆಣ್ಮಕ್ಳು ಕುಂತು ಬ್ಯಾಳಿ ಹಸನ ಮಾಡ್ತಾರ. ಎರಡು ಸಲ ಬಾಯಿಲೆ ಹೇಳೀನಿ, ಇದು ಬರದು ಕೊಡಾಕತ್ತೇನಿ.” ತಾರೀಖು, ಸಹಿ, ಮೊಹರು ಎಲ್ಲವನ್ನೂ ಹೇಳಿ, ಶರಣಪ್ಪ ನಿರ್ದೋಷಿ ಎಂದರು. ಮಾಲೀಕನ ಪಾತ್ರದ ಬಗ್ಗೆ ಪೊಲೀಸರು ಮರುತನಿಖೆ ನಡೆಸಬೇಕು ಎಂದು ಮುಗಿಸಿದರು. ನನಗೆ ಸಂತೋಷವಾಯಿತು. ನಾಳೆ ಬೆಳಿಗ್ಗೆ ಟೈಪ್ ಮಾಡುತ್ತೇನೆ ಎಂದು ಪುಸ್ತಕ ಮುಚ್ಚಿದೆ. ಅಂದೇ ಟೈಪ್ ಮಾಡಿದ್ದರೆ? ಈ ಪ್ರಶ್ನೆಯನ್ನು ನಾನು ಇನ್ನೂ ಕೇಳಿಕೊಳ್ಳುತ್ತೇನೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕರೆದರು. “ನಿನ್ನೇದು ಬಿಡಿ ನಸೀಮಮ್ಮ. ಹೊಸದಾಗಿ ಬರ್ಕೊಳ್ಳಿ.”

ಅವರ ಮುಖ ಎಂದಿನಂತೆಯೇ ಇತ್ತು. ಕಣ್ಣು ಮಾತ್ರ ಮುಚ್ಚಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದರು. ಡಿ-3 ಎಂಬುದು ತಾರೀಖು, ಸಹಿ ಯಾವುದೂ ಇಲ್ಲದ ತುಂಡು ಕಾಗದ, ಆರೋಪಿ ಆಮೇಲೆ ಸೃಷ್ಟಿಸಿದ್ದು, ನಂಬಲು ಅರ್ಹವಲ್ಲ. ಶರಣಪ್ಪನಿಗೆ ಒಂದು ವರ್ಷ ಸಜೆ.

ನನ್ನ ಪೆನ್ಸಿಲ್ ನಿಂತಿತು. “ಸರ್, ಡಿ-3 ಮ್ಯಾಲೆ ಮೊಹರು…”

“ಬರ್ಕೊಳ್ಳಿ.”

ತಪ್ಪು ಹೇಳಿದರೆ ತಡೆಯಿರಿ ಎಂದವರು ಅವರೇ. ನಾನು ತಡೆದದ್ದು ಅಷ್ಟೆ, ನಾಲ್ಕು ಪದ. ನನಗೆ ಇಬ್ಬರು ಹೆಣ್ಣುಮಕ್ಕಳು, ಗಂಡ ದಸ್ತಗೀರ್ ಅವರದು ಸಣ್ಣ ಟೇಲರ್ ಅಂಗಡಿ, ನನ್ನ ಗೌಪ್ಯ ವರದಿ ಬರೆಯುವವರು ಸಾಹೇಬರು. ಇವು ಕಾರಣಗಳು. ಕಾರಣ ಎಂದು ಬರೆಯುತ್ತಿದ್ದೇನೆ, ಸಮರ್ಥನೆ ಎಂದಲ್ಲ. ಟೈಪ್ ಮಾಡಿ ಕೊಟ್ಟೆ. ಸಂಜೆಯೊಳಗೆ ತೀರ್ಪು ಓದಿದರು. ಭೀಮಣ್ಣ ಎದ್ದು ನಿಂತು ಅಣ್ಣನ ಕಡೆ ಕೂಗಿದ: “ನಿನ್ನ ಚೀಟಿ ಸುಳ್ಳಂತ ಕೋರ್ಟೇ ಹೇಳ್ತಲೇ! ನನ್ನ ಹೆಂಡ್ತಿನ್ನ ಕೊಂದಿ, ಮ್ಯಾಲ ಚೀಟಿ ಬ್ಯಾರೆ ಬರೀತಿ?” ಶರಣಪ್ಪ ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಬಿಡುಗಡೆಯಾದ. ಮೇಲಿನ ಕೋರ್ಟಿಗೆ ಫೈಲು ಹೋದಾಗ ಅದರಲ್ಲಿ ಡಿ-3 ಇರಲಿಲ್ಲ. ಪಟ್ಟಿಯಲ್ಲಿ ಹೆಸರಿತ್ತು, ಕಾಗದವಿರಲಿಲ್ಲ. ಯಾರು ತೆಗೆದರೋ ನನಗೆ ಗೊತ್ತಿಲ್ಲ. ಕಾಗದ ಇಲ್ಲದೆ ಮೇಲ್ಮನವಿ ವರ್ಷಗಟ್ಟಲೆ ಕುಂಟಿತು. ಅವನಿಗೆ ಯಾವ ಮಿಲ್ಲಿನಲ್ಲೂ ಕೆಲಸ ಸಿಗಲಿಲ್ಲ, ತಮ್ಮನ ಮನೆಯ ಬಾಗಿಲು ಮುಚ್ಚಿತು.

ನಿಯಮದ ಪ್ರಕಾರ ಬರೆದು ಮುಗಿದ ಪುಸ್ತಕ ಕಚೇರಿಯಲ್ಲಿರಬೇಕು, ಅವಧಿ ಮುಗಿದ ಮೇಲೆ ಸುಡಬೇಕು. ಆ ಪುಸ್ತಕವನ್ನು ಮಾತ್ರ ನಾನು ಮನೆಗೆ ತಂದೆ. ಧೈರ್ಯದಿಂದಲ್ಲ, ಅದನ್ನು ಅಲ್ಲಿ ಬಿಡಲು ಭಯವಾಗಿ. ದಸ್ತಗೀರ್ ಅವರ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಡ್ರಾಯರಿನೊಳಗೆ, ಅಸ್ತರ್ ಬಟ್ಟೆಯ ಕೆಳಗೆ ಇಟ್ಟೆವು. “ಜಲಾ ಡಾಲೋ ವೋ ಕಿತಾಬ್, ಹಮ್ನಾ ಕೈಕು ಯೇ ಝಮೇಲಾ?” ಸುಟ್ಟುಬಿಡು, ನಮಗೇಕೆ ಈ ಗೊಡವೆ ಎಂದು ಅವರು ಹಬ್ಬಕ್ಕೊಮ್ಮೆ ಹೇಳುವರು. ಆದರೆ ಡ್ರಾಯರಿಗೆ ಬೀಗ ಹಾಕಿದವರೂ ಅವರೇ. ನಾನು ಪುಸ್ತಕ ತೆರೆಯುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮೊದಲನೆಯ ತೀರ್ಪು ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ ಕೂತಾಗ ತಾನಾಗಿಯೇ ಬಾಯಿಗೆ ಬರುತ್ತಿತ್ತು. ಮರೆಯಬೇಕೆಂದುಕೊಂಡಷ್ಟೂ ಬಾಯಿಪಾಠವಾಯಿತು.

ಸಾಹೇಬರು ಅಲ್ಲಿಂದ ಏರುತ್ತ ಹೋದರು. ತೀರ್ಪಾದ ಕೆಲವೇ ತಿಂಗಳಲ್ಲಿ ರಾಜಧಾನಿಗೆ ಎರವಲು ಸೇವೆ, ಆಮೇಲೆ ಸ್ವಯಂ ನಿವೃತ್ತಿ, ಆಮೇಲೆ ನಮ್ಮ ಭಾಗದ ದೊಡ್ಡ ನಾಯಕರೊಬ್ಬರಿಗೆ ಕಾನೂನು ಮತ್ತು ರಾಜಕೀಯ ಸಲಹೆಗಾರ. ಬೇಳೆ ಮಿಲ್ಲಿನ ಮಾಲೀಕ ಆ ನಾಯಕರ ಅಕ್ಕನ ಮಗ. ನಾನು ಇದಕ್ಕಿಂತ ಹೆಚ್ಚು ಹೇಳಲಾರೆ, ಏಕೆಂದರೆ ಆ ಒಂದು ರಾತ್ರಿಯಲ್ಲಿ ಏನಾಯಿತೆಂದು ನನಗೆ ಗೊತ್ತಿಲ್ಲ. ಕಲಬುರಗಿಯಲ್ಲಿ ಸಾಹೇಬರ ಮನೆಯ ಮುಂದೆ ಬೆಳಿಗ್ಗೆ ಏಳಕ್ಕೇ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ತಹಸೀಲ್ದಾರರ ವರ್ಗಾವಣೆಯಿಂದ ಹಿಡಿದು ಯಾರಿಗೆ ಟಿಕೆಟ್ ಎಂಬ ತನಕ ಅವರ ಮಾತೇ ನಡೆಯುತ್ತದೆ ಎನ್ನುತ್ತಿದ್ದರು. ಆ ರಾಶಿಯಲ್ಲಿ ಒಂದು ದಿನ ನನ್ನ ಚಪ್ಪಲಿಯೂ ಇತ್ತು. ದೊಡ್ಡ ಮಗಳಿಗೆ ಕಾಲೇಜು ಹಾಸ್ಟೆಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ಸಾಹೇಬರು ಒಂದೇ ಫೋನಿನಲ್ಲಿ ಕೊಡಿಸಿದರು. “ನಮ್ಮ ನಸೀಮಮ್ಮ. ಇವರಂಥ ಸ್ಟೆನೊ ಇಡೀ ರಾಜ್ಯದಲ್ಲಿಲ್ಲ,” ಎಂದು ಅಲ್ಲಿ ಕೂತಿದ್ದವರಿಗೆ ಪರಿಚಯಿಸಿದರು. ನಾನು ಕೈಮುಗಿದೆ. ಇದನ್ನು ಬಿಟ್ಟು ಬರೆದರೆ ಈ ಕಥನ ಸುಳ್ಳಾಗುತ್ತದೆ.

ಮುಂದೆ ಅವರ ಹೆಸರು ವಿಧಾನ ಪರಿಷತ್ತಿಗೆ ಕೇಳಿಬಂತು. ಅದೇ ಪಕ್ಷದೊಳಗೆ ಅವರನ್ನು ಕಂಡರಾಗದವರು ಹಳೆಯದನ್ನು ಕೆದಕಿದರು. ಶರಣಪ್ಪನ ವಕೀಲರು ಎಂದೋ ಕೊಟ್ಟಿದ್ದ ದೂರು ಧೂಳು ಕೊಡವಿಕೊಂಡು ಮೇಲೆ ಬಂತು. ನ್ಯಾಯ ತಾನಾಗಿ ಎದ್ದು ಕೂತಿತು ಎಂದು ಬರೆಯಲು ನನಗೆ ಮನಸ್ಸಿಲ್ಲ. ಅಂತೂ ವಿಚಾರಣಾಧಿಕಾರಿಯೊಬ್ಬರ ನೇಮಕವಾಯಿತು. ನಾನು ಆಗ ಅಫಜಲಪುರದ ಕೋರ್ಟಿನಲ್ಲಿದ್ದೆ. ಆ ಕೇಸಿನ ಟಿಪ್ಪಣಿ ಏನಾದರೂ ನಿಮ್ಮ ಬಳಿ ಇದೆಯೇ ಎಂದು ನನಗೆ ಪತ್ರ ಬಂತು.

ಇಲ್ಲಿ ನಾನು ಮಾಡಿದ ತಪ್ಪನ್ನು ಸರ್ಕಾರಿ ನೌಕರರು ಮಾತ್ರ ಮಾಡಬಲ್ಲರು. ಪುಸ್ತಕ ಇದೆ, ಹಾಜರುಪಡಿಸುತ್ತೇನೆ ಎಂಬ ಉತ್ತರವನ್ನು ‘ಸೂಕ್ತ ಮಾರ್ಗದ ಮೂಲಕ’ ಕಳಿಸಿದೆ. ಅಂದರೆ ನೇರವಾಗಿ ಅಧಿಕಾರಿಗಲ್ಲ. ಕಚೇರಿಯ ಮುಖ್ಯಸ್ಥರಾದ ಶಿರಸ್ತೇದಾರರ ಮೂಲಕ, ರವಾನೆ ಗುಮಾಸ್ತನ ಮೂಲಕ, ಪ್ರತಿಯನ್ನು ಮೂರು ಕಡೆಗೆ. ಇಷ್ಟು ವರ್ಷ ರಜೆ ಅರ್ಜಿಯನ್ನೂ ಹಾಗೇ ಕಳಿಸಿದವಳಿಗೆ ಬೇರೆ ದಾರಿ ಹೊಳೆಯಲೇ ಇಲ್ಲ. ಸಂಜೆ ಕೋರ್ಟಿನ ಎದುರಿನ ಹೋಟೆಲಿನವನೇ ಕೇಳಿದ: “ಮೇಡಂ, ಅದ್ಯಾವ್ದೋ ಪುಸ್ತಕ ಇಟ್ಕೊಂಡೀರಂತಲ್ರಿ?”

ಮೂರನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೇಟಿನ ಬಳಿ ಬಿಳಿ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಸಾಹೇಬರು. “ನಸೀಮಮ್ಮ, ಹತ್ತಿ. ಮಾತಾಡೋಣ.”

ಹತ್ತಿದೆ. ಯಾಕೆ ಹತ್ತಿದೆ ಎಂದು ದಸ್ತಗೀರ್ ನೂರು ಸಲ ಕೇಳಿದ್ದಾರೆ. ಆ ದನಿ ಕರೆದರೆ ಏಳುವುದು, ಪುಸ್ತಕ ತೆಗೆಯುವುದು ನನ್ನ ಮೈಗೆ ಅಂಟಿತ್ತು. ಬಾಗಿಲು ಮುಚ್ಚಿತು. ಮುಂದೆ ಡ್ರೈವರ್, ಅವನ ಪಕ್ಕದಲ್ಲಿ ನನಗೆ ಗುರುತಿಲ್ಲದ ದಪ್ಪ ಆಳು. ಕಾರು ಊರು ದಾಟಿ ಭೀಮಾ ನದಿಯ ಕಡೆ ಹೊರಟಿತು. ಕಿಟಕಿಯ ಗುಂಡಿ ಒತ್ತಿ ನೋಡಿದೆ, ಗಾಜು ಇಳಿಯಲಿಲ್ಲ.

“ಪುಸ್ತಕ ಇದೆ ಅಂತ ಬರೆದು ಕೊಟ್ಟಿದ್ದೀರಿ.”

“ಹೌದು ಸರ್.”

“ಎಲ್ಲಿದೆ?”

ನಾನು ಉತ್ತರಿಸುವ ಮೊದಲೇ ಮುಂದಿನ ಆಳು ತಿರುಗಿ ನನ್ನ ಮಡಿಲಿನ ಚೀಲ ಎಳೆದುಕೊಂಡ. ಊಟದ ಡಬ್ಬಿ, ಚಾಳೀಸಿನ ಕನ್ನಡಕ, ಆ ವಾರದ ಶೀಘ್ರಲಿಪಿ ಪುಸ್ತಕ. “ಇದೇ ಏನ್ರಿ?” ಎಂದು ಎತ್ತಿ ಹಿಡಿದ.

ಸಾಹೇಬರು ನನ್ನನ್ನು ನೋಡಿದರು. ನಾನು ಹೂಂ ಎಂದೆ. ಮೊದಲೇ ಯೋಚಿಸಿದ್ದಲ್ಲ. ಬಾಯಿ ಅಂದುಬಿಟ್ಟಿತು. ಅವರು ಪುಸ್ತಕ ತೆಗೆದುಕೊಂಡು ಪುಟ ತಿರುವಿದರು. ನನ್ನ ಕೊಕ್ಕೆ ಚುಕ್ಕೆಗಳು ಅವರಿಗೆ ಎಂದೂ ಬರುತ್ತಿರಲಿಲ್ಲ. ತಾರೀಖುಗಳು ಉರ್ದು ಅಂಕಿಯಲ್ಲಿದ್ದವು, ಅವೂ ಬರುತ್ತಿರಲಿಲ್ಲ. ಆದರೆ ಅಷ್ಟು ವರ್ಷದ ಹಿಂದಿನ ಪುಸ್ತಕ ಹೀಗೆ ಗಟ್ಟಿಯಾಗಿರುತ್ತದೆಯೇ ಎಂದು ಅವರು ಕೇಳಿದ್ದರೆ? ನಮಗೆ ಸರಬರಾಜಾಗುವ ಪುಸ್ತಕಗಳ ಕಾಗದ ಹೊಸದರಲ್ಲೇ ಹಳದಿ. ಅದೇ ನನ್ನನ್ನು ಉಳಿಸಿತು.

ಪುಸ್ತಕ ನನ್ನ ಕೈಗೆ ಕೊಟ್ಟರು. “ಓದಿ.”

ನನ್ನ ಮುಂದಿದ್ದ ಪುಟದಲ್ಲಿ ಇದ್ದದ್ದು ಒಂದು ಬದುವಿನ ವ್ಯಾಜ್ಯದಲ್ಲಿ ತಲಾಠಿಯ, ಅಂದರೆ ಗ್ರಾಮಲೆಕ್ಕಿಗನ, ಸಾಕ್ಷ್ಯ. ನಾನು ಅದರ ಮೇಲೆ ಬೆರಳಿಟ್ಟು ಶರಣಪ್ಪನ ಮೊದಲನೆಯ ತೀರ್ಪನ್ನು ಹೇಳತೊಡಗಿದೆ. ಸಾಲು ಮುಗಿದಂತೆ ಬೆರಳು ಇಳಿಸಿದೆ, ಇಷ್ಟಕ್ಕೆ ಪುಟ ಮುಗಿಯಬೇಕು ಎಂದು ಅಂದಾಜು ಮಾಡಿ ಪುಟ ತಿರುವಿದೆ. ಒಂದು ಕಡೆ ಬೇಕೆಂದೇ ತಡವರಿಸಿ, ಚಿಹ್ನೆ ಮಸುಕಾಗಿದೆ ಎಂದು ಕಣ್ಣು ಹತ್ತಿರ ತಂದೆ. ಸಾಹೇಬರು ತಲೆ ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದರು. ಆಳಂದದಲ್ಲಿ ತೀರ್ಪು ಹೇಳುತ್ತಿದ್ದ ಹಾಗೆಯೇ. ‘ಕೈ ಹೋಗುವಷ್ಟು ಬಿರುಕು ಬಿಟ್ಟದ’ ಎಂಬಲ್ಲಿಗೆ ಬಂದಾಗ ಅವರ ತುಟಿ ನನ್ನ ಜೊತೆಗೇ ಆಡಿತು. ಅವರಿಗೂ ಬಾಯಿಪಾಠವಾಗಿತ್ತು.

“ಸಾಕು,” ಎಂದರು.

ಕಾರು ಸೇತುವೆಯ ಮೇಲೆ ನಿಂತಿತು. ದಪ್ಪ ಆಳು ಪುಸ್ತಕ ತೆಗೆದುಕೊಂಡು ಇಳಿದ, ಹರಿದು ನೀರಿಗೆ ಎಸೆದ. ಆಮೇಲೆ ನನ್ನ ಕಡೆಯ ಬಾಗಿಲು ತೆರೆದ. ಕೆಳಗೆ ಭೀಮಾ ತುಂಬಿ ಹರಿಯುತ್ತಿತ್ತು. ಈಗ ನನ್ನ ಸರದಿ ಎಂದುಕೊಂಡೆ.

“ಬೇರೆ ಪ್ರತಿ ಇಲ್ಲ ತಾನೆ?”

“ಇಲ್ಲ ಸರ್.”

“ಮಗಳು ಚೆನ್ನಾಗಿ ಓದ್ತಿದ್ದಾಳಾ? ಅದೇ ಹಾಸ್ಟೆಲಿನಲ್ಲೇ ಇದ್ದಾಳಲ್ಲ, ಎರಡನೇ ಮಹಡಿ?”

ಅಷ್ಟು ಹೇಳಿ ನನ್ನನ್ನು ಸೇತುವೆಯ ಮೇಲೆ ಇಳಿಸಿ ಹೋದರು. ಬಸ್ಸು ಬರಲು ಬಹಳ ಹೊತ್ತಾಯಿತು. ಕಂಡಕ್ಟರ್, “ಯಾಕ್ರಿ ಅಕ್ಕಾ, ಸೇತುವಿ ಮ್ಯಾಲ ಒಬ್ರೇ ನಿಂತೀರಿ? ಮನ್ಯಾಗ ಜಗಳೇನು?” ಎಂದು ಕೇಳಿದ. ನಾನು ಅಳುವುದರ ಬದಲು ನಕ್ಕುಬಿಟ್ಟೆ. ಅಂದೇ ಮಗಳನ್ನು ಹಾಸ್ಟೆಲಿನಿಂದ ಬಿಡಿಸಿ ಆಳಂದಕ್ಕೆ ಕರೆತಂದೆವು. ಅವಳಿಗೆ ಒಂದು ವರ್ಷ ಹಾಳಾಯಿತು. ನೀರಿಗೆ ಬಿದ್ದ ಪುಸ್ತಕದಲ್ಲಿ ಟೈಪಾಗದ ಸಾಕ್ಷ್ಯಗಳಿದ್ದವು. ತಲಾಠಿ ಇನ್ನೊಮ್ಮೆ ಬರಬೇಕಾಯಿತು, ಪುಸ್ತಕ ಕಳೆದದ್ದಕ್ಕೆ ನನಗೆ ಮೆಮೊ ಕೊಟ್ಟರು. ಅದಕ್ಕೆ ಸಮಜಾಯಿಷಿ ಬರೆಯುವಾಗ ಮಾತ್ರ ನಿಜವಾಗಿ ನಗು ಬಂದಿತ್ತು.

ಹೇಳಿಕೆ ಕೊಡಲು ಕಲಬುರಗಿಗೆ ಹೋದ ದಿನ ದಸ್ತಗೀರ್ ಪುಸ್ತಕವನ್ನು ಷರ್ಟಿನೊಳಗೆ ಹೊಟ್ಟೆಗೆ ಕಟ್ಟಿಕೊಂಡು ಬಂದರು. ನಾನು ವಿಚಾರಣಾಧಿಕಾರಿಯ ಮುಂದೆ ಮೊದಲನೆಯ ತೀರ್ಪನ್ನು ಓದಿದೆ. ಕಾರಿನಲ್ಲಿ ನಡೆದದ್ದನ್ನೂ ಹೇಳಿದೆ. ಸಾಹೇಬರು ಎದುರಿಗೇ ಕೂತಿದ್ದರು. ನೀರಿಗೆಸೆದ ಪುಸ್ತಕ ಬೇರೆಯದಾಗಿತ್ತು ಎಂದು ಅವರಿಗೆ ತಿಳಿದದ್ದು ಅದೇ ಕ್ಷಣ. ಅವರು ನನ್ನನ್ನು ನೋಡಲಿಲ್ಲ, ಪುಸ್ತಕವನ್ನು ನೋಡಿದರು.

ಅವರ ವಕೀಲರು ಎದ್ದರು. “ಮೇಡಂ, ಕಾರಿನಾಗ ನೀವು ಓದಿದ್ದು ಆ ಪುಸ್ತಕದಾಗ ಇತ್ತೇನ್ರಿ?”

“ಇರಲಿಲ್ರಿ.”

“ಅಂದ್ರ ಬರೀದೇ ಇದ್ದಿದ್ದನ್ನ ಬರದಂಗ ಓದೋದು ನಿಮಗ ಬರ್ತದ.”

“ಬರ್ತದ್ರಿ.”

“ಹಂಗಾದ್ರ ಈಗ ಓದಿದ್ದೂ ಹಂಗೇ ಯಾಕ ಇರಬಾರದು? ಇದನ್ನ ನಿಮ್ಮ ಹೊರತು ಇನ್ನೊಬ್ರು ಓದಾಕ ಬರಂಗಿಲ್ಲ.”

ನನ್ನ ಜೀವ ಉಳಿಸಿದ ಉಪಾಯವೇ ಶರಣಪ್ಪನನ್ನು ಮುಳುಗಿಸುವಂತಿತ್ತು. ಹಿಂದಿನ ಬೆಂಚಿನಲ್ಲಿ ಅವನು ಕೂತಿದ್ದ.

ವಿಚಾರಣಾಧಿಕಾರಿ ವಯಸ್ಸಾದವರು, ಮಿತಭಾಷಿ. ಅವರು ಪುಸ್ತಕ ತರಿಸಿಕೊಂಡು ಆ ತೀರ್ಪಿನ ಹಿಂದಿನ, ಮುಂದಿನ ಪುಟಗಳನ್ನು ನೋಡಿದರು. ಅದೇ ವಾರ ಬರೆದುಕೊಂಡ ಬೇರೆ ಕೇಸುಗಳ ಸಾಕ್ಷ್ಯ ಅಲ್ಲಿತ್ತು. ಅವೆಲ್ಲ ಆಗಲೇ ಟೈಪಾಗಿ ಫೈಲು ಸೇರಿದ್ದವು, ನಾನು ಅವನ್ನು ಎಂದೋ ಮರೆತಿದ್ದೆ. ಆ ಫೈಲುಗಳನ್ನು ದಾಖಲೆ ಕೋಣೆಯಿಂದ ತರಿಸಿ ತಮ್ಮ ಮುಂದೆ ಇಟ್ಟುಕೊಂಡರು. ಮರುದಿನ ಒಂದೊಂದು ಕಡೆ ಪುಟ ತೆರೆದು ನನಗೆ ಕೊಡುತ್ತ, “ಇಲ್ಲಿಂದ ಓದಿ,” ಎಂದರು. ಮುಂಜಾನೆಯಿಂದ ಮಧ್ಯಾಹ್ನದ ತನಕ ಓದಿದೆ. ಅವರು ಫೈಲಿನ ಮೇಲೆ ಪೆನ್ನಿಟ್ಟು ಹೋಲಿಸುತ್ತಿದ್ದರು. ಒಂದು ಕಡೆ ಪೆನ್ನು ನಿಂತಿತು.

“ಈ ಸಾಲು ಫೈಲಿನಲ್ಲಿಲ್ಲ.”

“ಟೈಪ್ ಮಾಡುವಾಗ ಬಿಟ್ಟಿರಬೇಕು ಸರ್. ಪುಸ್ತಕದಾಗ ಅದ.”

ಸಾಹೇಬರ ವಕೀಲರು ಎದ್ದು ನಿಂತರು. ಅಧಿಕಾರಿ ಕೈಯೆತ್ತಿ ಅವರನ್ನು ಕೂರಿಸಿ, ಆ ಫೈಲನ್ನು ಇನ್ನೆರಡು ಪುಟ ತಿರುವಿದರು. ಪಾಟೀಸವಾಲಿನಲ್ಲಿ ವಕೀಲರೊಬ್ಬರು ಅದೇ ಬಿಟ್ಟುಹೋದ ಮಾತನ್ನು ಹಿಡಿದು ಪ್ರಶ್ನೆ ಕೇಳಿದ್ದರು. ಅಂದರೆ ಸಾಕ್ಷಿ ಅದನ್ನು ಹೇಳಿದ್ದ, ನನ್ನ ಪುಸ್ತಕ ಹಿಡಿದಿಟ್ಟಿತ್ತು. “ಸಾಕು, ಇನ್ನು ಓದಬೇಕಿಲ್ಲ,” ಎಂದರು.

ವರದಿ ಸಾಹೇಬರ ವಿರುದ್ಧ ಬಂತು. ಪಿಂಚಣಿ ತಡೆಹಿಡಿದರು, ಪರಿಷತ್ತಿನ ಮಾತು ನಿಂತಿತು. ನಾಯಕರು ತಮಗೂ ಅವರಿಗೂ ಸಂಬಂಧವಿಲ್ಲ ಎಂದು ಪತ್ರಿಕೆಯವರಿಗೆ ಹೇಳಿದರು. ಸಾಹೇಬರ ಮನೆಯ ಮುಂದಿನ ಚಪ್ಪಲಿ ರಾಶಿ ಒಂದು ವಾರದಲ್ಲಿ ಕರಗಿತಂತೆ. ನನಗೆ ಅವರು ಕೊನೆಯದಾಗಿ ಕಂಡದ್ದು ಕಲಬುರಗಿಯಲ್ಲಿ, ಕೋರ್ಟಿನ ನಕಲು ವಿಭಾಗದ ಕಿಟಕಿಯ ಮುಂದೆ. ತಮ್ಮ ವಿರುದ್ಧದ ವರದಿಯ ಪ್ರತಿಗಾಗಿ ಸಾಲಿನಲ್ಲಿ ನಿಂತಿದ್ದರು. ಒಳಗಿನ ಗುಮಾಸ್ತ ಬರಿಯ ಹೆಸರು ಹಿಡಿದು ಕೂಗಿದ. ನಾನು ಬೆಂಚಿನಿಂದ ನನಗರಿವಿಲ್ಲದೆಯೇ ಎದ್ದು ನಿಂತೆ.

ಹೋಗುವಾಗ ನನ್ನ ಹತ್ತಿರ ನಿಂತರು. ಜೊತೆಗೆ ಬಂದಿದ್ದ ದಸ್ತಗೀರ್ ನನ್ನ ತೋಳು ಹಿಡಿದುಕೊಂಡರು.

“ಮೊದಲನೇದು ಚೆನ್ನಾಗಿತ್ತು, ಅಲ್ವಾ ನಸೀಮಮ್ಮ?”

“ಭಾಳ ಚಲೋ ಇತ್ತು ಸರ್.”

ಅವರು ತಲೆಯಾಡಿಸಿ ಮೆಟ್ಟಿಲಿಳಿದರು.

ಈಗ ಕಂಪ್ಯೂಟರ್ ಬಂದಿದೆ. ಸಾಹೇಬರು ಹೇಳುತ್ತಿದ್ದಂತೆ ಪರದೆಯ ಮೇಲೆ ಮೂಡುತ್ತದೆ, ಬೇಡವಾದದ್ದು ಅಳಿಸುತ್ತದೆ. ಅನುಕೂಲ ಬಹಳ. ಮೊದಲನೆಯದು ಎಂಬುದು ಎಲ್ಲೂ ಉಳಿಯುವುದಿಲ್ಲ, ನಿಮ್ಮ ತಲೆಯಲ್ಲಿ ಬಿಟ್ಟರೆ.

ವಿಚಾರಣಾ ವರದಿಯ ಬಲದಿಂದ ಮೇಲ್ಮನವಿಯಲ್ಲಿ ಶರಣಪ್ಪ ಖುಲಾಸೆಯಾದ ಮೇಲೆ ತೀರ್ಪಿನ ಪ್ರತಿ ಹಿಡಿದು ನಮ್ಮ ಮನೆಗೆ ಬಂದ. ಜೊತೆಗೆ ಭೀಮಣ್ಣನೂ ಬಂದಿದ್ದ. ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಬಂದಿದ್ದರು. ಆದರೂ ನಡುವೆ ಒಂದು ಕುರ್ಚಿ ಬಿಟ್ಟು ಕೂತರು. ಶರಣಪ್ಪ ನನ್ನ ಕಾಲು ಮುಟ್ಟಲು ಬಾಗಿದಾಗ ನಾನು ಹಿಂದೆ ಸರಿದೆ.

“ಅಕ್ಕಾರ, ನಿಮ್ಮಿಂದ ನನ್ನ ಹೆಸರು ಉಳೀತ್ರಿ,” ಎಂದ. ಭೀಮಣ್ಣ ನೆಲ ನೋಡುತ್ತಿದ್ದ. ಚಹಾ ಬಂದ ಮೇಲೆ ಶರಣಪ್ಪ ಕೇಳಿದ: “ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಎರಡನೇದ್ದು, ನಾ ಸುಳ್ಳ ಅಂತ ಇತ್ತಲ್ರಿ, ಅದನ್ನ ಟೈಪ್ ಮಾಡಿದವ್ರು ಯಾರ್ರಿ?”

ದಸ್ತಗೀರ್ ನನ್ನ ಕಡೆ ನೋಡಿದರು.

“ನಾನೇ, ಶರಣಪ್ಪ.”

ಭೀಮಣ್ಣ ತಲೆಯೆತ್ತಿದ. ಶರಣಪ್ಪ ಕಪ್ಪು ಕೆಳಗಿಟ್ಟ. “ಕೈ ನಡುಗಿತ್ತೇನ್ರಿ?” ಎಂದು ಕೇಳಿದ.

“ಇಲ್ಲ. ಮಧ್ಯಾಹ್ನದೊಳಗ ಮುಗಿಸಿ ಕೊಟ್ಟೆ. ಒಂದೂ ತಪ್ಪು ಬಿದ್ದಿರಲಿಲ್ಲ.”

ಅವನು ಕಪ್ಪಿನಲ್ಲಿದ್ದ ಚಹಾ ಕುಡಿದು ಮುಗಿಸಿದ. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದ. ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡು, ತಿರುಗಿ ಹೇಳಿದ: “ಅದನ್ನೂ ಬರದಿಡ್ರಿ ಅಕ್ಕಾರ.”

ಬರೆದಿದ್ದೇನೆ.